ನಾಲ್ಕು ಗಂಟೆಯ ಎರಡನೇ ಬಿಸ್ಕೆಟ್

"ಚಪ್ಪಲಿ ಬಿಟ್ಟು ಮಿಷನ್ ಹತ್ತಿ," ಅಂದಳು ಅವಳು, ಬರೆಯುತ್ತಿದ್ದ ಫೈಲಿನಿಂದ ತಲೆ ಎತ್ತದೆ.

"ನಾನು ಮಿಷನ್ ಹತ್ತೋಕೆ ಬಂದಿಲ್ಲ ಮೇಡಂ. ಮಿಷನ್ ನೋಡೋಕೆ ಬಂದಿದ್ದೀನಿ."

"ಮೊದಲನೇ ದಿನ ಎಲ್ಲರೂ ಬರೀ ನೋಡೋಕೇ ಬರೋದು. ಹತ್ತಿ, ಅದೇನೂ ಕಚ್ಚಲ್ಲ."

ಅವನು ಚಪ್ಪಲಿ ಬಿಟ್ಟು ಹತ್ತಿದ. ತೊಂಬತ್ತನಾಲ್ಕು ಎಂದು ಕೆಂಪು ಅಂಕಿ ಮೂಡಿತು. ಅವಳು ಬರೆದುಕೊಂಡಳು. ವಯಸ್ಸು ಕೇಳಿದಳು, ನಲವತ್ತೈದು ಅಂದ. ಕೆಲಸ ಕೇಳಿದಳು.

"ತಕ್ಕಡಿ ರಿಪೇರಿ. ವರ್ಷಕ್ಕೊಂದು ಸಲ ಬಂದು ನಿಮ್ಮ ತೂಕದ ಮಿಷನ್ ಸುಳ್ಳು ಹೇಳ್ತಿದೆಯಾ ಅಂತ ನೋಡಿಕೊಂಡು ಹೋಗೋನು ನಾನೇ."

ಆಗ ತಲೆ ಎತ್ತಿದಳು. ನೆಲದ ಮೇಲೆ ಟೂಲ್ಸಿನ ಚೀಲ, ಪಕ್ಕದಲ್ಲೊಂದು ಮರದ ಪೆಟ್ಟಿಗೆ, ಮಿಷನ್ನಿನ ಮೇಲೆ ಬರಿಗಾಲಲ್ಲಿ ನಿಂತ ಮನುಷ್ಯ. ನಗು ಅದುಮಿಕೊಳ್ಳಲು ಪಾಪ ತುಂಬಾ ಕಷ್ಟಪಡುತ್ತಿದ್ದ. ಅವಳು ನಾಲಿಗೆ ಕಚ್ಚಿಕೊಂಡಳು.

ಅವನು ಮಂಡಿಯೂರಿ ಕೂತಾಗ ಎಡಮಂಡಿ ಲಟಕ್ಕೆಂದಿತು. ಪೆಟ್ಟಿಗೆಯಿಂದ ಹಿತ್ತಾಳೆಯ ತೂಕದ ಬಟ್ಟುಗಳನ್ನು ಒಂದೊಂದಾಗಿ ತೆಗೆದು ಮಿಷನ್ನಿನ ಮೇಲಿಟ್ಟ. ಬರಿಗೈಯಲ್ಲಲ್ಲ, ಮೆತ್ತನೆಯ ಬಟ್ಟೆಯಲ್ಲಿ ಹಿಡಿದು.

"ಬಟ್ಟೆ ಯಾಕೆ?" ಅವಳಿಗೆ ಕೇಳದೆ ಇರಲಾಗಲಿಲ್ಲ.

"ಬೆರಳಿನ ಬೆವರಿಗೂ ತೂಕ ಇರುತ್ತೆ ಮೇಡಂ."

ಕೆಲಸ ಮುಗಿಸಿ ಎದ್ದವನು ಜೇಬಿನಿಂದ ಮಡಚಿದ ಚೀಟಿ ತೆಗೆದ. ಮೇಲಿನ ಮಹಡಿಯ ಮೂಳೆ ಡಾಕ್ಟರು ಬರೆದದ್ದು: ಹನ್ನೊಂದು ಕೇಜಿ ಇಳಿಯಬೇಕು, ಆಮೇಲೆ ಮಂಡಿಯ ಆಪರೇಷನ್.

"ಮಿಷನ್ ಸರಿಯಾಗಿದೆ. ಹಾಗಾದ್ರೆ ತೊಂಬತ್ತನಾಲ್ಕು ನಂದೇ," ಅಂದ. "ಈ ಚೀಟಿ ಕೊಡ್ಲೋ ಬೇಡವೋ ಅಂತ ಯೋಚಿಸ್ತಿದ್ದೆ. ನೀವೇ ಹತ್ತಿಸಿಬಿಟ್ರಿ."

ಹೀಗೆ ಶುರುವಾಯಿತು. ಪ್ರತಿ ಗುರುವಾರ, ಮೂರೂವರೆಗೆ.

ಅವಳ ವಿಷಯ ಎರಡು ಮಾತು. ಆ ಕ್ಲಿನಿಕ್ಕಿನ ನೆಲಮಹಡಿಯ ಕೋಣೆಯಲ್ಲಿ ಕೂತು ಬಂದವರಿಗೆಲ್ಲ ಏನು ತಿನ್ನಬೇಕು, ಏನು ಬಿಡಬೇಕು ಅಂತ ಹೇಳುವುದು ಅವಳ ಕೆಲಸ. ಪೇಷೆಂಟುಗಳು ಇಟ್ಟ ಹೆಸರು ಪಥ್ಯದಮ್ಮ. ನಲವತ್ತಕ್ಕೆ ಎರಡು ಕಮ್ಮಿ ಇರುವವಳನ್ನು ಅಮ್ಮ ಅನ್ನುವುದೇನು ನ್ಯಾಯ, ಆದರೂ ಅವಳು ಸುಮ್ಮನಿದ್ದಳು. ಸುಮ್ಮನಿರುವುದಕ್ಕೆ ಕಾರಣವಿತ್ತು. ಮೇಜಿನ ಕೆಳಗಿನ ಡ್ರಾಯರಿನಲ್ಲಿ, ಹಳೆಯ ಫೈಲುಗಳ ಅಡಿಯಲ್ಲಿ, ಸದಾ ಒಂದು ಬಿಸ್ಕೆಟ್ ಪ್ಯಾಕೆಟ್ಟು ಇರುತ್ತಿತ್ತು. ಪೇಷೆಂಟುಗಳಿಲ್ಲದ ಹೊತ್ತಲ್ಲಿ ಅವಳು ಬಾಗಿಲ ಕಡೆ ಕಣ್ಣಿಟ್ಟುಕೊಂಡು ತಿನ್ನುತ್ತಿದ್ದಳು. ಸದ್ದಾಗದ ಹಾಗೆ, ನಾಲಿಗೆಯ ಮೇಲೆ ನೆನೆಸಿ.

ಅವಳ ಚಿಕ್ಕಮ್ಮನಿಗೆ ಮಾತ್ರ ಇದು ಗೊತ್ತಿತ್ತು. ಇಬ್ಬರೂ ಒಂದೇ ಮನೆಯಲ್ಲಿದ್ದವರು. "ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ," ಎಂದು ಅವಳ ಸೀರೆ ಝಾಡಿಸಿ ಬಿಸ್ಕೆಟ್ ಪುಡಿ ತೋರಿಸುತ್ತಿದ್ದಳು ಚಿಕ್ಕಮ್ಮ.

ಹತ್ತೊಂಬತ್ತು ವರ್ಷದ ಹಿಂದೆ ಒಬ್ಬ ಅವಳಿಗೆ ಹೇಳಿದ್ದ: "ಸ್ವಲ್ಪ ಇಳಿಸ್ಕೋ. ಆಮೇಲೆ ನೋಡೋಣ." ಅವಳು ಇಳಿಸಿಕೊಂಡಳು. ಕಡ್ಡಿಯಾದಳು. ಅವನು ಬೇರೆ ಯಾರನ್ನೋ ನೋಡಿದ. ಅವನ ಮುಖ ಮರೆತು ಎಷ್ಟೋ ಕಾಲವಾಯಿತು, ಆ ಮಾತು ಮಾತ್ರ ಹೋಗಲಿಲ್ಲ. ಯಾರಾದರೂ ಎದುರಿಗೆ ತಿಂಡಿ ಇಟ್ಟರೆ ಕಿವಿಯ ಹಿಂದೆಯೇ ನಿಂತು ಹೇಳುತ್ತಿತ್ತು. ಇನ್ನೂ ಕೆಟ್ಟದ್ದೇನೆಂದರೆ, ಅದೇ ಮಾತನ್ನು ಅವಳೀಗ ದಿನಕ್ಕೆ ಇಪ್ಪತ್ತು ಜನಕ್ಕೆ ಹೇಳುತ್ತಿದ್ದಳು.

ಬಂದವರೆಲ್ಲ ತಿಂದದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕೆಂಬುದು ಅವಳ ನಿಯಮ. ಎಲ್ಲರೂ ಸುಳ್ಳು ಬರೆಯುತ್ತಿದ್ದರು. ತಕ್ಕಡಿಯವನು ಮಾತ್ರ ಸಾಸಿವೆಯಷ್ಟನ್ನೂ ಬಿಡದೆ ಬರೆದ. ಅಕ್ಷರವೂ ಅಷ್ಟೇ ನೇರ. ಅವಳು ಓದುತ್ತ ಹೋಗಿ ಒಂದು ಸಾಲಿಗೆ ನಿಂತಳು. ಏಳು ದಿನವೂ ಅದೇ ಸಾಲು.

ಸಂಜೆ ನಾಲ್ಕು. ಟೀ ಜೊತೆ ಬಿಸ್ಕೆಟ್ ಎರಡು. ಒಂದು ನಂದು, ಒಂದು ಅವಳದು.

ಎದೆಯಲ್ಲೇನೋ ಚುರ್ ಅಂದಿತು. ಯಾಕೆ ಅಂದಿತು ಅಂತ ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ. "ಮನೆಯವರ ಬಿಸ್ಕೆಟ್ ಅವರ ಲೆಕ್ಕಕ್ಕೆ ಬಿಡಿ. ನಿಮ್ಮ ಬುಕ್ಕಲ್ಲಿ ಯಾಕೆ?"

"ತಿನ್ನೋನು ನಾನೇ ಮೇಡಂ. ಅವಳು ಹೋಗಿ ಮೂರು ವರ್ಷ ಆಯ್ತು."

ಅವಳು ಪೆನ್ನು ಕೆಳಗಿಟ್ಟಳು.

ಅವನು ಸಹಜವಾಗಿಯೇ ಹೇಳಿದ. ಮುಂದೆ ಅಂಗಡಿ, ಹಿಂದೆ ಮನೆ. ಹೆಂಡತಿ ಇದ್ದಾಗ ನಾಲ್ಕಕ್ಕೆ ಸರಿಯಾಗಿ ಬಿಸ್ಕೆಟ್ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು, ಟಪ್ ಅಂತ. ಕೂಗುವ ಪದ್ಧತಿಯೇ ಇರಲಿಲ್ಲ, ಆ ಸದ್ದೇ ಕರೆ. ಅವಳು ಹೋದಮೇಲೂ ನಾಲ್ಕಕ್ಕೆ ಟಪ್ ಅನ್ನುತ್ತದೆ. ಒಳಗೆ ಹೋದರೆ ಯಾರೂ ಇಲ್ಲ, ಡಬ್ಬಿ ಮುಚ್ಚಿಯೇ ಇರುತ್ತದೆ.

"ಕರೆದಮೇಲೆ ಹೋಗದೆ ಇರೋಕಾಗುತ್ತಾ? ಎರಡು ಸಾಸರ್ ಇಡ್ತೀನಿ. ಅವಳದು ಹಾಗೇ ಉಳಿಯುತ್ತೆ. ಎಸೆಯೋಕೆ ಮನಸ್ಸು ಬರಲ್ಲ, ತಿಂದುಬಿಡ್ತೀನಿ. ಬೆಳಿಗ್ಗೆ ರಾತ್ರಿ ಊಟಾನೂ ಅಷ್ಟೇ. ಊರಿಗೆಲ್ಲ ಅಳತೆ ಸರಿ ಮಾಡಿಕೊಡೋ ಕೈ ಇದು, ಅಡುಗೆಮನೇಲಿ ಮಾತ್ರ ಇಬ್ಬರ ಅಳತೆ ಬಿಟ್ಟು ಬೇರೆ ಬರಲ್ಲ." ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕ. "ಈ ಹನ್ನೊಂದು ಕೇಜಿ ಅವಳ ಪಾಲು."

ಅವಳು ಏನಾದರೂ ಒಳ್ಳೆಯ ಮಾತು ಹೇಳಬಹುದಿತ್ತು. ಆದರೆ ಕುರ್ಚಿಗೊಂದು ನಾಲಿಗೆ ಇರುತ್ತದಲ್ಲ, ಅದೇ ಮಾತಾಡಿತು. "ಅದು ಅಭ್ಯಾಸ. ಕಿವಿಗೂ ಚಟ ಹತ್ತುತ್ತೆ. ಎರಡನೇ ಬಿಸ್ಕೆಟ್ ಬಿಡಿ. ಒಬ್ಬರಿಗೆ ಅಡುಗೆ ಮಾಡೋದು ಕಲೀರಿ."

"ಬಿಡಲೇಬೇಕಾ?"

ಅವಳು ಅವನ ಕಣ್ಣು ತಪ್ಪಿಸಿ ಫೈಲು ನೋಡಿದಳು. "ಮಂಡಿ ಬೇಕಾದ್ರೆ ಬಿಡಬೇಕು," ಅಂದಳು.

ಅವತ್ತು ಸಂಜೆ ಡ್ರಾಯರಿನ ಬಿಸ್ಕೆಟ್ ಅವಳು ಮುಟ್ಟಲಿಲ್ಲ.

ಮೊದಲ ಮೂರು ವಾರದಲ್ಲಿ ಮೂರು ಕೇಜಿ ಇಳಿಯಿತು. ನಾಲ್ಕನೇ ಗುರುವಾರ ಅವನು ಸೊಂಟಕ್ಕೊಂದು ಅಗಲ ಬೆಲ್ಟು ಕಟ್ಟಿಕೊಂಡು ಬಂದ. ಬೆನ್ನು ನೋವು ಅಂದ. ಬಿಚ್ಚಿದರೆ ಮತ್ತೆ ಕಟ್ಟಿಕೊಳ್ಳುವುದು ಕಷ್ಟ ಅಂದ. ಇರಲಿ ಬಿಡಿ ಅಂದಳು. ತೂಕ ತೊಂಬತ್ತೊಂದು. ಮುಂದಿನ ವಾರವೂ ತೊಂಬತ್ತೊಂದು. ಅದರ ಮುಂದಿನ ವಾರವೂ.

ತೂಕ ಇಳಿಯದಿದ್ದರೂ ಮಾತು ಬೆಳೆಯಿತು. ಇಪ್ಪತ್ತು ನಿಮಿಷದ ಭೇಟಿ ಮುಕ್ಕಾಲು ಗಂಟೆಯಾಯಿತು.

"ಮೇಡಂ, ನೀವು ಬಿಸ್ಕೆಟ್ ತಿಂದೇ ಇಲ್ವಾ ಜೀವನದಲ್ಲಿ?"

"ಇಲ್ಲ."

"ಮತ್ತೆ ಸೆರಗಿನ ಮೇಲಿರೋದು ಏನು, ಸಿಮೆಂಟಾ?"

ಅವಳು ಸೆರಗು ಕೊಡವಿ ಕಣ್ಣು ಕೆಂಪು ಮಾಡಿದಳು. ಅವನು ನೋಟ್‌ಬುಕ್ಕಿನ ಹಿಂದೆ ಮುಖ ಮರೆಮಾಡಿಕೊಂಡ. ಪುಟದ ಮೇಲಂಚಿನಲ್ಲಿ ಕಣ್ಣೆರಡೇ ಕಾಣುತ್ತಿದ್ದವು, ನಗುವುದಕ್ಕೆ ಅಷ್ಟೇ ಸಾಕಿತ್ತು. ಆ ವಾರದಿಂದ ಗುರುವಾರ ಅವಳು ಹಸಿರು ಸೀರೆ ಉಡತೊಡಗಿದಳು. ಅದು ಚಿಕ್ಕಮ್ಮನ ಕಣ್ಣಿಗೆ ಬಿತ್ತು.

ಆದರೆ ಅವನ ಅಂಗಿಯ ಕಾಲರು ಸಡಿಲವಾಗಿತ್ತು. ಕೈಗಡಿಯಾರದ ಪಟ್ಟಿ ಎರಡು ತೂತು ಒಳಗೆ ಸರಿದಿತ್ತು. ಕೆನ್ನೆಯ ಮೂಳೆ ಕಾಣತೊಡಗಿತ್ತು. ಮಂಡಿ ನೋವು ಮೊದಲಿಗಿಂತ ಹೆಚ್ಚಾಗಿತ್ತು. ಮಿಷನ್ನು ಮಾತ್ರ ತೊಂಬತ್ತೊಂದು ಅನ್ನುತ್ತಿತ್ತು. ಸುಮಾರು ತೊಂಬತ್ತೊಂದಲ್ಲ, ಗ್ರಾಂ ಸಮೇತ ತೊಂಬತ್ತೊಂದು. ಒಂದು ಲೋಟ ನೀರು ಕುಡಿದರೂ ಏರಬೇಕಾದ ಮನುಷ್ಯನ ತೂಕ ಏಳು ವಾರ ಅಲ್ಲಾಡದೆ ನಿಂತಿತ್ತು.

"ಮಿಷನ್ ಕೆಟ್ಟಿದೆ," ಅಂದಳು ಅವಳು ಹತ್ತನೇ ವಾರ. "ನೋಡಿ ಸ್ವಲ್ಪ."

ಅವನು ಪೆಟ್ಟಿಗೆ ತಂದು, ಬಟ್ಟು ಇಟ್ಟು ನೋಡಿದ. "ಇಲ್ಲ ಮೇಡಂ. ಅದು ನಿಜಾನೇ ಹೇಳ್ತಿದೆ."

ಅವಳು ಇನ್ನೊಂದನ್ನೂ ಗಮನಿಸಿದ್ದಳು. ಮಿಷನ್ನಿನ ಮೇಲೆ ಅವನು ನಡುವೆ ನಿಲ್ಲುತ್ತಿರಲಿಲ್ಲ. ಬಲಕ್ಕೆ ಸರಿದು, ಎಡಗಡೆ ಇನ್ನೊಬ್ಬರಿಗೆ ಜಾಗ ಬಿಟ್ಟವನ ಹಾಗೆ ನಿಲ್ಲುತ್ತಿದ್ದ. ಕೇಳಿದರೆ, ಎಡಗಾಲ ಮೇಲೆ ಭಾರ ಬಿಡೋಕಾಗಲ್ಲ ಅಂದ. ಇರಬಹುದು. ಅವಳಿಗೆ ಮಾತ್ರ ಬೇರೇನೋ ಅನ್ನಿಸಿತು. ಇವನು ಇಳಿಯುತ್ತಿದ್ದಾನೆ, ಇಳಿದಷ್ಟನ್ನು ಯಾರೋ ಪಕ್ಕದಲ್ಲಿ ನಿಂತು ತುಂಬಿಸುತ್ತಿದ್ದಾರೆ. ತನ್ನ ಪಾಲಿನ ಬಿಸ್ಕೆಟ್ ಕಿತ್ತುಕೊಂಡವಳನ್ನು ಆ ಹೆಂಡತಿ ನೋಡುತ್ತಿರಬಹುದಾ?

ಅವನು ಹೋದಮೇಲೆ ಅವಳೇ ಮಿಷನ್ ಹತ್ತಿದಳು. ಎಡಗಡೆ ಜಾಗ ಬಿಟ್ಟು ನಿಂತಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ಇಳಿಯುವಾಗ, "ತಪ್ಪಾಯ್ತು," ಅಂದಳು, ಸಣ್ಣ ದನಿಯಲ್ಲಿ.

ಮನೆಗೆ ಹೋಗಿ ಚಿಕ್ಕಮ್ಮನಿಗೆ ಎಲ್ಲ ಹೇಳಿದಳು.

"ಸತ್ತವಳ ಮೇಲೆ ಹೊಟ್ಟೆಕಿಚ್ಚೇನೇ ನಿನಗೆ?" ಅಂದಳು ಚಿಕ್ಕಮ್ಮ.

"ಹೊಟ್ಟೆಕಿಚ್ಚಲ್ಲ ಚಿಕ್ಕಮ್ಮ, ಹೆದರಿಕೆ. ಅವರು ಎಂಬತ್ತಮೂರಕ್ಕೆ ಬಂದ್ರೆ ಆಪರೇಷನ್ನಿಗೆ ಕಳಿಸಿ ನಾನು ಫೈಲು ಮುಚ್ಚಬೇಕು. ಬರದೇ ಇದ್ರೆ ಅವರ ಮಂಡಿ ಹೋಗುತ್ತೆ. ಇಳೀಲಿ ಅಂತ ಬಾಯಲ್ಲಿ ಹೇಳ್ತೀನಿ, ಇಳೀದೇ ಇರಲಿ ಅಂತ ಮನಸ್ಸು ಹೇಳುತ್ತೆ. ಎಂಥ ಹೆಂಗಸು ನಾನು?"

"ಪ್ರೀತಿ ಬಂದ ಹೆಂಗಸು," ಅಂದಳು ಚಿಕ್ಕಮ್ಮ, ಎದ್ದು ದೀಪ ಹಾಕುತ್ತ. "ಅದನ್ನ ನನಗೆ ಹೇಳಿದ್ರೆ ಏನು ಬಂತು? ಹೇಳಬೇಕಾದವರಿಗೆ ಹೇಳು."

ಹನ್ನೊಂದನೇ ಗುರುವಾರ ಅವಳು ಹೇಳಲಿಲ್ಲ. ಬದಲಿಗೆ ಗದರಿದಳು. "ಎಲ್ಲೋ ಏನೋ ಬಚ್ಚಿಟ್ಟಿದ್ದೀರಿ ನೀವು. ನಿಜ ಹೇಳಿ!" ಕದ್ದು ತಿನ್ನುವ ತಿಂಡಿಯ ಬಗ್ಗೆ ಅವಳು ಹೇಳಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ಸೊಂಟಕ್ಕೆ ಹೋಯಿತು. ಪಾಪ, ಬೆನ್ನು ನೋವು ಅಂದುಕೊಂಡಳು ಅವಳು.

ಹನ್ನೆರಡನೇ ಗುರುವಾರ ಮಿಷನ್ನಿನಿಂದ ಇಳಿಯುವಾಗ ಅವನ ಮಂಡಿ ಕೈಕೊಟ್ಟಿತು. ಮೇಜಿನ ಅಂಚು ಹಿಡಿದ. ಅಂಗಿಯ ಅಡಿಯಿಂದ ಏನೋ ಜಾರಿ ಠಣ್ ಎಂದು ನೆಲಕ್ಕೆ ಬಿದ್ದು, ಉರುಳಿಕೊಂಡು ಬಂದು ಅವಳ ಕುರ್ಚಿಯ ಕಾಲಿಗೆ ತಾಗಿ ನಿಂತಿತು.

ಅವಳು ಬಗ್ಗಿ ಎತ್ತಿಕೊಂಡಳು. "ಇದೇನು?"

"ಅರ್ಧ ಕೇಜಿ."

"ಅದು ನನಗೂ ಓದೋಕೆ ಬರುತ್ತೆ!"

ಅವನು ಬೆಲ್ಟು ಬಿಚ್ಚಿದ. ಒಂದೊಂದಾಗಿ ಇನ್ನೂ ಒಂಬತ್ತು ಬಟ್ಟುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಈ ಸಲ ಬರಿಗೈಯಲ್ಲಿ. ಐದು ಕೇಜಿ ಹಿತ್ತಾಳೆ. ಮತ್ತೆ ಮಿಷನ್ ಹತ್ತಿದಾಗ ಎಂಬತ್ತಾರು ಎಂದು ಮೂಡಿತು.

ಅವಳಿಗೆ ಸಿಟ್ಟು ನೆತ್ತಿಗೇರಿತು. "ಒಂಬತ್ತು ವಾರ ನನ್ನ ಮಂಗ ಮಾಡಿದ್ರಲ್ಲ! ಮಿಷನ್ ನಿಜ ಹೇಳ್ತಿದೆ ಅಂದ್ರಲ್ಲ!"

"ಮಿಷನ್ ನಿಜಾನೇ ಹೇಳ್ತು ಮೇಡಂ. ಅದನ್ನ ಕೆಡಿಸೋದು ನನಗೆ ಎರಡು ನಿಮಿಷದ ಕೆಲಸ. ಅನ್ನ ಕೊಟ್ಟ ವಿದ್ಯೆ, ಮನಸ್ಸು ಬರಲಿಲ್ಲ. ಅದಕ್ಕೆ ನಾನೇ ಹೊತ್ತೆ. ಬರೋ ಮುಂಚೆ ಅಂಗಡೀಲಿ ತೂಕ ನೋಡಿ, ಕಮ್ಮಿ ಬಿದ್ದಷ್ಟು ಸೇರಿಸಿಕೊಂಡು ಬರ್ತಿದ್ದೆ."

"ಗ್ರಾಂ ಸಮೇತ?"

"ಅಳತೆ ತಪ್ಪೋಕೆ ಬರಲ್ಲ ನನಗೆ."

"ಆ ಮಂಡಿ ಮೇಲೆ ಐದು ಕೇಜಿ ಹೊತ್ತುಕೊಂಡು ಬರ್ತಿದ್ರಲ್ಲ, ಹುಚ್ಚು ಹಿಡಿದಿದೆಯೇನ್ರೀ ನಿಮಗೆ? ಯಾಕೆ?" ಕೂಗಿದಳು. ಕಣ್ಣಲ್ಲಿ ನೀರು ಬಂದಿತ್ತು, ಅದು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅವನು ಕುರ್ಚಿಯಲ್ಲಿ ಕೂತ. ಬಟ್ಟುಗಳ ಸಾಲನ್ನು ನೇರ ಮಾಡಿದ.

"ನೀವು ಎರಡನೇ ಬಿಸ್ಕೆಟ್ ಬಿಡಿ ಅಂದ್ರಿ, ಬಿಟ್ಟೆ. ಒಬ್ಬರ ಅಳತೆ ಕಲಿತೆ. ತೂಕ ಇಳೀತು. ನಾಲ್ಕು ಗಂಟೆಗೆ ಡಬ್ಬಿ ಸದ್ದು ನಿಂತುಹೋಯ್ತು. ಮೊದಲು ಸಾಸರಿನಿಂದ ಹೋದಳು, ಆಮೇಲೆ ಮೈಯಿಂದ, ಕೊನೆಗೆ ಕಿವಿಯಿಂದಾನೂ. ಮನೆ ಎಷ್ಟು ಖಾಲಿ ಅಂತ ನನಗೆ ಆವಾಗ ಗೊತ್ತಾಗಿದ್ದು. ತಡೆಯೋಕಾಗಲಿಲ್ಲ. ಹೋದಷ್ಟನ್ನ ಹಿತ್ತಾಳೇಲಿ ತುಂಬಿಕೊಂಡೆ."

ಅವಳು ಕೂತಳು. ಇದನ್ನು ಮಾಡಿದ್ದು ತಾನೇ ಅನ್ನಿಸಿತು.

"ಅದು ಮೊದಲು," ಅಂದ ಅವನು.

"ಆಮೇಲೆ?"

"ಆಮೇಲೆ ಒಂದು ಗುರುವಾರ ಬೆಲ್ಟು ಕಟ್ಟಿಕೊಳ್ತಿದ್ದೆ. ಅವತ್ತು ಅವಳ ನೆನಪೇ ಬಂದಿರಲಿಲ್ಲ. ಎಂಬತ್ತಮೂರಾದ್ರೆ ನೀವು ಫೈಲು ಮುಚ್ಚಿಬಿಡ್ತೀರಿ, ಅದೊಂದೇ ತಲೇಲಿ. ಆ ಮನೇಲಿ ಒಬ್ಬನೇ ಇರೋಕೂ ಅಷ್ಟು ಹೆದರಿರಲಿಲ್ಲ ನಾನು, ಅವತ್ತು ಹೆದರಿದೆ. ಯಾರಿಗೆ ಮೋಸ ಮಾಡ್ತಿದ್ದೀನಿ ಹೇಳಿ? ಅವಳಿಗಾ, ನಿಮಗಾ?"

ಹೊರಗೆ ಕಾರಿಡಾರಿನಲ್ಲಿ ಯಾರೋ ನಡೆದುಹೋದರು. ಅವಳು ಡ್ರಾಯರು ಎಳೆದು, ಹಳೆಯ ಫೈಲುಗಳನ್ನು ಸರಿಸಿ, ಪ್ಯಾಕೆಟ್ಟು ತೆಗೆದು ಬಟ್ಟುಗಳ ಪಕ್ಕದಲ್ಲಿಟ್ಟಳು.

"ನನ್ನದೂ ನೋಡಿಬಿಡಿ. ಹತ್ತೊಂಬತ್ತು ವರ್ಷ ಆಯ್ತು, ಯಾರ ಎದುರಿಗೂ ಒಂದು ಬಿಸ್ಕೆಟ್ ತಿಂದಿಲ್ಲ. ಸ್ವಲ್ಪ ಇಳಿಸ್ಕೋ ಆಮೇಲೆ ನೋಡೋಣ ಅಂದಿದ್ದ ಒಬ್ಬ. ನಿಮ್ಮ ಮನೇಲಿ ಡಬ್ಬಿ ಸದ್ದು ಮಾಡಿದ್ರೆ ನನ್ನ ಕಿವೀಲಿ ಈ ಮಾತು ಸದ್ದು ಮಾಡುತ್ತೆ. ನಿಮಗೆ ಚಟ ಅಂತ ಹೇಳೋ ಯೋಗ್ಯತೆ ನನಗಿರಲಿಲ್ಲ."

ಅವನು ಪ್ಯಾಕೆಟ್ಟನ್ನು ನೋಡಿದ, ಅವಳನ್ನು ನೋಡಿದ. "ಅವನಿಗೆ ಕಣ್ಣಿರಲಿಲ್ಲ," ಅಂದ. ತಮಾಷೆ ಮಾಡಲಿಲ್ಲ.

ಅವಳು ಮುಖ ಒರೆಸಿಕೊಂಡು ಅವನ ಫೈಲಿನಲ್ಲಿ ಎಂಬತ್ತಾರು ಎಂದು ಬರೆದಳು. ಕೆಳಗೆ ಇನ್ನೂ ಏನೋ ಬರೆದು ಫೈಲು ಮುಚ್ಚಿದಳು. "ಉಳಿದ ಮೂರು ಕೇಜಿಗೆ ಪಕ್ಕದ ಕೋಣೆಯವರ ಹತ್ತಿರ ಹೋಗಿ. ಇನ್ನು ನಿಮ್ಮ ಫೈಲು ನಾನು ನೋಡಲ್ಲ."

ಅವನ ಮುಖ ಇಳಿದುಹೋಯಿತು. "ಕ್ಷಮಿಸಿ ಅಂತ ಕೇಳಿದ್ರೂ?"

"ಕೇಳಿದ್ರೂ. ಪೇಷೆಂಟ್ ಮನೆಗೆ ಟೀ ಕುಡಿಯೋಕೆ ನಾನು ಹೋಗೋ ಹಾಗಿಲ್ಲ. ಇಲ್ಲಿನ ರೂಲ್ಸು."

ಅಷ್ಟು ಸೂಕ್ಷ್ಮ ತೂಕ ಹಿಡಿಯುವ ಮನುಷ್ಯನಿಗೆ ಈ ಮಾತಿನ ತೂಕ ಸಿಗಲು ಅರ್ಧ ನಿಮಿಷ ಬೇಕಾಯಿತು.

"ಶನಿವಾರ," ಅಂದ ಕೊನೆಗೆ, ಕಿವಿಯವರೆಗೂ ಕೆಂಪಾಗಿ. "ನಾಲ್ಕಕ್ಕೆ."

ಶನಿವಾರ ಅವಳು ಹೋದಾಗ ಅಂಗಡಿ ಮುಚ್ಚಿತ್ತು. ಒಳಗೆ ಗೋಡೆಯುದ್ದಕ್ಕೂ ತಕ್ಕಡಿಗಳು. ಬಾಗಿಲು ತೆಗೆದ ಗಾಳಿಗೆ ತಟ್ಟೆಗಳು ತೂಗಾಡಿದವು. ಅದರ ನಡುವೆ ದಾಟಿ ಅಡುಗೆಮನೆಗೆ ಹೋಗುವಾಗ ಅವಳು ಸೆರಗು ಬಿಗಿಯಾಗಿ ಹಿಡಿದುಕೊಂಡಳು. ಚಿಕ್ಕ ಮೇಜು, ಮೂರು ಸ್ಟೂಲು, ಮೂರು ಸಾಸರ್. ಮೂರನೆಯದು ಅವನು ಇವತ್ತೇ ಕೊಂಡು ತಂದದ್ದು, ಬೆಲೆಯ ಚೀಟಿ ಇನ್ನೂ ಅಂಟಿತ್ತು.

"ಡಬ್ಬಿ ನೀವೇ ತೆಗೀರಿ," ಅಂದ, ಟೀ ಸೋಸುತ್ತ. "ನನಗೆ ಧೈರ್ಯ ಬರ್ತಿಲ್ಲ."

ಶೆಲ್ಫಿನಿಂದ ಡಬ್ಬಿ ಇಳಿಸಿ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಒಳಗೆ ಎರಡೇ ಬಿಸ್ಕೆಟ್. ಎರಡನೆಯದು ಬೇಡ ಅಂದಮೇಲೆ ಅವನು ಹೆಚ್ಚಿಗೆ ಕೊಳ್ಳುತ್ತಲೇ ಇರಲಿಲ್ಲ. ಇಬ್ಬರೂ ಡಬ್ಬಿಯೊಳಗೆ ಇಣುಕಿ, ಮುಖ ಮುಖ ನೋಡಿಕೊಂಡು ನಕ್ಕರು. ಗೋಡೆಯ ಗಡಿಯಾರ ನಾಲ್ಕಕ್ಕೆ ಬಂತು.

ಟಪ್.

ಖಾಲಿ ಶೆಲ್ಫಿನಿಂದ ಬಂದಿತ್ತು. ಡಬ್ಬಿ ಮೇಜಿನ ಮೇಲಿತ್ತು, ಮುಚ್ಚಳ ಅವಳ ಕೈಯಲ್ಲಿತ್ತು.

ಅವನ ಮುಖ ಬಿಳುಚಿಕೊಂಡಿತು. ಮೂರು ವರ್ಷದಲ್ಲಿ ಯಾರನ್ನೂ ಕೇಳಿರದ ಪ್ರಶ್ನೆ, ಕೇಳಲು ಹೆದರಿದ್ದ ಪ್ರಶ್ನೆ, ಉಸಿರಿನಷ್ಟು ಸಣ್ಣಗೆ ಕೇಳಿದ. "ಕೇಳಿಸ್ತಾ?"

ಅವಳ ರೋಮ ನಿಂತಿತ್ತು. ಓಡಿಹೋಗಬೇಕೆಂದು ಕಾಲು ಹೇಳಿತು, ಅವಳು ಕಾಲಿನ ಮಾತು ಕೇಳಲಿಲ್ಲ.

"ಕೇಳಿಸ್ತು," ಅಂದಳು. ಆಮೇಲೆ ಶೆಲ್ಫಿನ ಕಡೆ ತಿರುಗಿ, ತುಂಬಿದ ಮನೆಯಲ್ಲಿ ದೊಡ್ಡವರನ್ನು ಕೇಳುವ ದನಿಯಲ್ಲಿ ಕೇಳಿದಳು: "ಅಕ್ಕಾ, ನಾನು ಕೂತ್ಕೊಳ್ಳಲಾ?"

ಅಂಗಡಿಯಲ್ಲಿ ತೂಗಾಡುತ್ತಿದ್ದ ತಟ್ಟೆಗಳು ಒಂದೊಂದಾಗಿ ನಿಂತವು. ಅವನು ಮುಖ ಮುಚ್ಚಿಕೊಂಡು ಅತ್ತ. ಅವಳು ಅವನ ಭುಜದ ಮೇಲೆ ಕೈಯಿಟ್ಟು, ಅವನು ಅತ್ತು ಮುಗಿಸುವವರೆಗೂ ಇಟ್ಟುಕೊಂಡೇ ಇದ್ದಳು. ಆಮೇಲೆ ಒಂದು ಬಿಸ್ಕೆಟನ್ನು ಅಕ್ಕನ ಸಾಸರಿನಲ್ಲಿಟ್ಟಳು. ಇನ್ನೊಂದನ್ನು ಮುರಿದು ಅರ್ಧ ಅವನಿಗೆ ಕೊಟ್ಟಳು.

"ನಿಮ್ಮದು ಸ್ವಲ್ಪ ದೊಡ್ಡದು," ಅಂದ ಅವನು, ಮೂಗೊರೆಸಿಕೊಳ್ಳುತ್ತ.

"ತೂಗಿ ನೋಡಿ ಬೇಕಾದ್ರೆ."

"ಬೇಡ. ಇವತ್ತು ತೂಗೋದು ಬೇಡ."

ಟೀ ಮುಗಿಯಿತು. ಅಕ್ಕನ ಬಿಸ್ಕೆಟ್ ಸಾಸರಿನಲ್ಲಿ ಹಾಗೇ ಇತ್ತು. ಅವನ ಕೈ ಅಭ್ಯಾಸಬಲದಿಂದ ಅದರ ಕಡೆ ಹೋಯಿತು, ನಡುದಾರಿಯಲ್ಲಿ ನಿಂತಿತು, ತಿರುಗಿ ಬಂದು ಅವಳ ಕೈಯ ಪಕ್ಕದಲ್ಲಿ ಕೂತಿತು. "ಅದು ಅವಳದು. ಇರಲಿ," ಅಂದ.

ಅವಳ ಅರ್ಧ ಬಿಸ್ಕೆಟ್ ಇನ್ನೂ ಉಳಿದಿತ್ತು. ಕಟಕ್ ಎಂದು ಸದ್ದಾಗುವ ಹಾಗೆ ಕಚ್ಚಿದಳು. ಪುಡಿ ಹಸಿರು ಸೀರೆಯ ಮೇಲೆ ಉದುರಿತು, ಕೊಡವಲಿಲ್ಲ. ಅವನು ನೋಡುತ್ತಿದ್ದ ಹಾಗೆಯೇ ನಿಧಾನವಾಗಿ ಅಗಿದು ತಿಂದಳು, ಬಾಗಿಲ ಕಡೆ ಒಂದು ಸಲವೂ ನೋಡದೆ.